ಒಂದೇ ಹಲ್ಲಿನ ಅಧ್ಯಕ್ಷ

ಜಾರ್ಜ್ ವಾಷಿಂಗ್ಟನ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಚೆರ್ರಿ ಮರದ ಕಥೆ. ಪುಟ್ಟ ಜಾರ್ಜ್ ಕೊಡಲಿಯಿಂದ ಅಪ್ಪನ ಮರ ಕಡಿದ, ಅಪ್ಪ ಕೇಳಿದಾಗ ಸುಳ್ಳು ಹೇಳದೆ ಒಪ್ಪಿಕೊಂಡ ಎಂದು ಪ್ರೈಮರಿ ಶಾಲೆಯಲ್ಲಿ ಕೇಳಿದ್ದೇವೆ. ಆ ಕಥೆ ನಡೆದದ್ದಲ್ಲ. ವಾಷಿಂಗ್ಟನ್ ತೀರಿಕೊಂಡ ಮೇಲೆ ವೀಮ್ಸ್ ಎಂಬ ಪಾದ್ರಿಯೊಬ್ಬರು ತಮ್ಮ ಪುಸ್ತಕದಲ್ಲಿ ಸೇರಿಸಿದ ಕಥೆ ಅದು. ಸತ್ಯ ಹೇಳಬೇಕು ಎಂದು ಮಕ್ಕಳಿಗೆ ಕಲಿಸಲು ಒಂದು ಸುಳ್ಳು ಕಥೆ ಬೇಕಾಯಿತು! ಅವರ ಬಗ್ಗೆ ಇಂಥದ್ದೇ ಇನ್ನೊಂದು ಮಾತು ಪ್ರಪಂಚದಲ್ಲೆಲ್ಲ ಓಡಾಡುತ್ತಿದೆ. ಅವರಿಗೆ ಮರದ ಹಲ್ಲುಗಳಿದ್ದವು ಎಂಬುದು. ಅದೂ ನಿಜವಲ್ಲ. ನಿಜ ಏನು ಎಂದು ಹುಡುಕಿಕೊಂಡು ಹೋದಾಗ ನನಗೆ ಸಿಕ್ಕಿದ್ದು ಪಠ್ಯಪುಸ್ತಕದ ವಾಷಿಂಗ್ಟನ್ ಅಲ್ಲ. ನಲವತ್ತು ವರ್ಷ ಹಲ್ಲುನೋವಿನೊಂದಿಗೆ ಬದುಕಿದ ಒಬ್ಬ ಮನುಷ್ಯ. ಅವರ ಬಗ್ಗೆಯೇ ಈ ಸಲ ಬರೆಯುತ್ತಿದ್ದೇನೆ.

ವಾಷಿಂಗ್ಟನ್ ಹುಟ್ಟಿದ್ದು 1732ರ ಫೆಬ್ರವರಿ 22ರಂದು, ಆಗ ಬ್ರಿಟಿಷರ ವಸಾಹತಾಗಿದ್ದ ವರ್ಜೀನಿಯಾದಲ್ಲಿ. ಹನ್ನೊಂದನೇ ವಯಸ್ಸಿಗೆ ತಂದೆ ತೀರಿಕೊಂಡರು. ಹೆಚ್ಚು ಓದುವ ಅವಕಾಶ ಸಿಗಲಿಲ್ಲ, ಕಾಲೇಜು ಮೆಟ್ಟಿಲು ಹತ್ತಲೇ ಇಲ್ಲ. ನಮ್ಮ ವಯಸ್ಸಿನಲ್ಲಿ, ಅಂದರೆ ಹದಿನಾರು ಹದಿನೇಳಕ್ಕೆ, ಸರ್ವೇಯರ್ ಕೆಲಸಕ್ಕೆ ಇಳಿದು ಕಾಡುಮೇಡು ಅಲೆದು ಜಮೀನು ಅಳೆಯುತ್ತಿದ್ದರು. ಆಳು ಎತ್ತರ, ಗಟ್ಟಿ ಮೈಕಟ್ಟು, ಕುದುರೆ ಸವಾರಿಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ ಎಂದು ಅವರ ಕಾಲದವರೇ ಹೇಳಿದ್ದಾರೆ. 1751ರಲ್ಲಿ ಕ್ಷಯರೋಗದಿಂದ ನರಳುತ್ತಿದ್ದ ಅಣ್ಣ ಲಾರೆನ್ಸ್ ಜೊತೆ ಬಾರ್ಬಡೋಸ್ ದ್ವೀಪಕ್ಕೆ ಹೋದರು. ಅವರು ಜೀವನದಲ್ಲಿ ದೇಶ ಬಿಟ್ಟು ಹೋದದ್ದು ಅದೊಂದೇ ಸಲ. ಅಲ್ಲಿ ಅವರಿಗೆ ಸಿಡುಬು ಬಂತು. ಬದುಕಿ ಉಳಿದರು, ಮುಖದ ಮೇಲೆ ಕಲೆಗಳು ಉಳಿದವು. ಒಂದು ಲಾಭವೂ ಆಯಿತು: ಮುಂದೆ ಯುದ್ಧಕಾಲದಲ್ಲಿ ಸೈನ್ಯದ ತುಂಬ ಸಿಡುಬು ಹರಡಿದಾಗ ಅವರಿಗೆ ಅದು ಮತ್ತೆ ತಾಗಲಿಲ್ಲ, ಮತ್ತು 1777ರಲ್ಲಿ ಇಡೀ ಸೈನ್ಯಕ್ಕೆ ಸಿಡುಬಿನ ಚುಚ್ಚು ಹಾಕಿಸುವ ಧೈರ್ಯದ ತೀರ್ಮಾನವನ್ನೂ ಅವರು ತೆಗೆದುಕೊಂಡರು.

ಹಲ್ಲಿನ ಕಥೆ ಶುರುವಾಗುವುದು 1756ರಲ್ಲಿ. ಆಗ ಅವರಿಗೆ 24 ವರ್ಷ. ಐದು ಶಿಲ್ಲಿಂಗ್ ಕೊಟ್ಟು ಒಂದು ಹಲ್ಲು ಕೀಳಿಸಿಕೊಂಡ ಲೆಕ್ಕ ಅವರ ದಾಖಲೆಗಳಲ್ಲಿದೆ. ವಾಷಿಂಗ್ಟನ್ ಪೈಸೆ ಪೈಸೆಗೂ ಲೆಕ್ಕ ಬರೆದಿಡುತ್ತಿದ್ದ ಮನುಷ್ಯ. ಅದರಿಂದಾಗಿಯೇ ಅವರ ಬಾಯಿಯ ಚರಿತ್ರೆ ನಮಗೆ ಇಷ್ಟು ವಿವರವಾಗಿ ಸಿಗುತ್ತದೆ. ಅಲ್ಲಿಂದ ಮುಂದೆ ಡೈರಿಗಳಲ್ಲಿ, ಪತ್ರಗಳಲ್ಲಿ, ಖರ್ಚಿನ ಪುಸ್ತಕಗಳಲ್ಲಿ ಹಲ್ಲುನೋವು, ಒಸಡಿನ ಊತ, ಔಷಧಿಯ ಖರ್ಚು ಮತ್ತೆ ಮತ್ತೆ ಬರುತ್ತವೆ.

ಇಲ್ಲಿ ಒಂದು ತಪ್ಪು ಕಲ್ಪನೆ ಬೇಡ. ಅವರು ಹಲ್ಲುಜ್ಜದ ಸೋಮಾರಿಯಾಗಿರಲಿಲ್ಲ. ಟೂತ್‌ಬ್ರಷ್, ಹಲ್ಲುಪುಡಿ, ಹಲ್ಲು ಕೆರೆಯುವ ಸಲಕರಣೆ, ಬಾಯಿ ಮುಕ್ಕಳಿಸುವ ದ್ರಾವಣ ಎಲ್ಲವನ್ನೂ ಕೊಂಡು ಬಳಸುತ್ತಿದ್ದರು. ಆದರೂ ಹಲ್ಲುಗಳು ಒಂದೊಂದಾಗಿ ಹೋದವು. ಕಾರಣಗಳ ಬಗ್ಗೆ ಹಲವು ಊಹೆಗಳಿವೆ. ಗಟ್ಟಿ ಕಾಯಿಗಳನ್ನು ಹಲ್ಲಿನಿಂದ ಒಡೆಯುತ್ತಿದ್ದರಂತೆ ಎಂಬುದು ಒಂದು. ಆ ಕಾಲದಲ್ಲಿ ಜ್ವರಕ್ಕೂ ಸಿಡುಬಿಗೂ ಎಲ್ಲದಕ್ಕೂ ಕೊಡುತ್ತಿದ್ದ ಕ್ಯಾಲೊಮೆಲ್ ಎಂಬ ಔಷಧಿಯಲ್ಲಿ ಪಾದರಸ ಇತ್ತು, ಪಾದರಸ ಒಸಡನ್ನೂ ಹಲ್ಲನ್ನೂ ಹಾಳುಮಾಡುತ್ತದೆ ಎಂಬುದು ಇನ್ನೊಂದು. ನನಗೆ ಹೆಚ್ಚು ಸರಿ ಎನಿಸುವುದು ಮೂರನೆಯದು: ಹಲ್ಲು ಯಾಕೆ ಹುಳುಕಾಗುತ್ತದೆ ಎಂಬುದೇ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಲ್ಲಿನೊಳಗೆ ಹುಳ ಇರುತ್ತದೆ ಎಂದು ಜನ ಸಾವಿರಾರು ವರ್ಷ ನಂಬಿದ್ದರು. ನಾವು ಈಗಲೂ ಹುಳುಕು ಹಲ್ಲು ಎಂದೇ ಅನ್ನುತ್ತೇವಲ್ಲ. ಫ್ರಾನ್ಸಿನ ಪಿಯೇರ್ ಫೋಶಾರ್ ಎಂಬ ವೈದ್ಯರು 1728ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹುಳದ ಮಾತನ್ನು ತಳ್ಳಿಹಾಕಿ ಸಕ್ಕರೆಯ ಕಡೆ ಬೆರಳು ತೋರಿಸಿದ್ದರು. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ, ಪಿಷ್ಟಗಳನ್ನು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು ವಿಲ್ಲೋಬಿ ಮಿಲ್ಲರ್ ವಿವರಿಸಿದ್ದು 1890ರಲ್ಲಿ. ನಾನು ಕಲಾ ವಿಭಾಗದವಳು, ಇದಕ್ಕಿಂತ ಹೆಚ್ಚಿನ ವಿವರ ಬೇಕಿದ್ದರೆ ಬಯಾಲಜಿ ಮೇಡಂ ಅವರನ್ನು ಕೇಳಿ. ವಾಷಿಂಗ್ಟನ್ ಅವರ ಕಾಲಕ್ಕೆ ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ಬೆಳೆದ ಕಬ್ಬಿನಿಂದ ಸಕ್ಕರೆ ಯಥೇಚ್ಛವಾಗಿ ಬರುತ್ತಿತ್ತು, ಸಿರಿವಂತರ ಮನೆಗಳ ಚಹಾ, ಕೇಕ್, ಮಿಠಾಯಿಗಳಲ್ಲಿ ಅದು ಧಾರಾಳವಾಗಿತ್ತು. ಅದರಿಂದ ಹಲ್ಲು ಕಾಪಾಡಿಕೊಳ್ಳುವ ವಿದ್ಯೆ ಮಾತ್ರ ಬಂದಿರಲಿಲ್ಲ.

ಹಾಗಾದರೆ ಹಲ್ಲು ನೋಯಿಸಿಕೊಂಡವರು ಯಾರ ಬಳಿ ಹೋಗುತ್ತಿದ್ದರು? ಕ್ಷೌರಿಕ, ಕಮ್ಮಾರ, ಅಕ್ಕಸಾಲಿ, ಇಕ್ಕಳ ಹಿಡಿಯಬಲ್ಲ ಯಾರ ಬಳಿಯಾದರೂ ಸರಿ. ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರ ಪಾಲ್ ರಿವಿಯರ್ ವೃತ್ತಿಯಲ್ಲಿ ಬೆಳ್ಳಿ ಕೆಲಸದವರು. ಹಲ್ಲು ಕಟ್ಟುವ ಕೆಲಸವನ್ನೂ ಮಾಡುತ್ತಿದ್ದರು. ಯುದ್ಧದಲ್ಲಿ ಸತ್ತ ಗೆಳೆಯ ಜೋಸೆಫ್ ವಾರನ್ ಅವರ ಶವ ತಿಂಗಳುಗಟ್ಟಲೆ ಮಣ್ಣಿನಲ್ಲಿದ್ದು ಗುರುತು ಸಿಗದಾಗ, ತಾವು ಕಟ್ಟಿಕೊಟ್ಟ ಹಲ್ಲನ್ನು ನೋಡಿ ಗುರುತಿಸಿದ್ದು ಇದೇ ರಿವಿಯರ್. ನಿಜವಾದ ದಂತವೈದ್ಯರು ಬೆರಳೆಣಿಕೆಯಷ್ಟು. ಅವರೂ ಊರೂರು ಸುತ್ತುತ್ತಾ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಕೆಲವು ವಾರ ಬೀಡುಬಿಟ್ಟು ಮುಂದೆ ಹೋಗುವವರು. ಅರಿವಳಿಕೆ ಎಂಬುದೇ ಇರಲಿಲ್ಲ. ಈಥರ್ ಕೊಟ್ಟು ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಮಾರ್ಟನ್ ಎಂಬ ದಂತವೈದ್ಯರು ಬಾಸ್ಟನ್ ನಗರದಲ್ಲಿ ಎಲ್ಲರೆದುರು ತೋರಿಸಿದ್ದು 1846ರಲ್ಲಿ. ವಾಷಿಂಗ್ಟನ್ ಕೀಳಿಸಿಕೊಂಡ ಪ್ರತಿಯೊಂದು ಹಲ್ಲೂ ಪ್ರಜ್ಞೆ ಇದ್ದಂತೆಯೇ ಕಿತ್ತದ್ದು.

ಮಧ್ಯೆ ಒಂದು ಮಾತು. ಕ್ರಿ.ಶ. 1000ದ ಆಸುಪಾಸಿನಲ್ಲಿ ಸ್ಪೇನ್‌ನ ಕಾರ್ಡೋಬಾದ ಬಳಿ ಅಲ್-ಝಹ್ರಾವಿ ಎಂಬ ಶಸ್ತ್ರವೈದ್ಯರಿದ್ದರು. ಅವರ ಮೂವತ್ತು ಭಾಗಗಳ ಅತ್-ತಸ್ರೀಫ್ ಗ್ರಂಥದ ಕೊನೆಯ ಭಾಗದಲ್ಲಿ ಹಲ್ಲಿನ ಕಿಟ್ಟ ಕೆರೆಯುವ ಸಲಕರಣೆಗಳ ಚಿತ್ರಗಳಿವೆ. ಅಲುಗಾಡುವ ಹಲ್ಲನ್ನು ಚಿನ್ನದ ತಂತಿಯಿಂದ ಕಟ್ಟುವುದು, ಎತ್ತಿನ ಮೂಳೆಯಿಂದ ಹಲ್ಲು ಕಡೆದು ಕೂರಿಸುವುದು ಅದರಲ್ಲಿದೆ. ಹಲ್ಲು ಕೀಳಲು ಆತುರಪಡಬೇಡಿ, ಮೊದಲು ಉಳಿಸಲು ನೋಡಿ ಎಂಬ ತಾತ್ಪರ್ಯದ ಎಚ್ಚರಿಕೆಯೂ ಇದೆ. ಅಲ್ಲಿಂದ ವಾಷಿಂಗ್ಟನ್‌ವರೆಗೆ ಏಳುನೂರೈವತ್ತು ವರ್ಷ. ಅಷ್ಟು ಕಾಲ ಕಳೆದರೂ ಕಟ್ಟುವ ಹಲ್ಲು ಮೂಳೆ, ದಂತದಲ್ಲೇ ನಿಂತಿತ್ತು ಎಂಬುದು ನನಗೆ ಆಶ್ಚರ್ಯದ ಸಂಗತಿ.

1759ರ ಜನವರಿಯಲ್ಲಿ ವಾಷಿಂಗ್ಟನ್ ಮಾರ್ಥಾ ಕಸ್ಟಿಸ್ ಎಂಬ ಶ್ರೀಮಂತ ವಿಧವೆಯನ್ನು ಮದುವೆಯಾದರು. ಪೊಟೋಮ್ಯಾಕ್ ನದಿ ದಂಡೆಯ ಮೌಂಟ್ ವರ್ನನ್ ಎಸ್ಟೇಟು, ಹೊಲಗಳು, ನೂರಾರು ಗುಲಾಮರು, ಹೀಗೆ ವರ್ಜೀನಿಯಾದ ದೊಡ್ಡ ಜಮೀನ್ದಾರರಲ್ಲಿ ಒಬ್ಬರಾದರು. 1775ರ ಜೂನ್‌ನಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ವಸಾಹತುಗಳ ಸೇನೆಗೆ ಸೇನಾಧಿಪತಿಯಾದರು. ಎಂಟು ವರ್ಷದ ಆ ಯುದ್ಧದ ಕಥೆ ನಮ್ಮ ಇತಿಹಾಸದ ನೋಟ್ಸ್‌ನಲ್ಲೇ ಇದೆ, ಬಿಡೋಣ. ಆದರೆ ನೋಟ್ಸ್‌ನಲ್ಲಿ ಇಲ್ಲದ ಒಂದು ಪತ್ರದ ವಿಷಯ ಹೇಳಲೇಬೇಕು.

1781ರ ಮೇ 29ರಂದು ಅವರು ಫಿಲಡೆಲ್ಫಿಯಾದಲ್ಲಿದ್ದ ತಮ್ಮ ದಂತವೈದ್ಯ ಬೇಕರ್ ಅವರಿಗೆ ಒಂದು ಕಾಗದ ಬರೆದರು. ಹಲ್ಲು ಸ್ವಚ್ಛ ಮಾಡಿಕೊಳ್ಳುವ ಸಲಕರಣೆಗಳನ್ನು ಕಳಿಸಿಕೊಡಿ, ನಾನು ಸದ್ಯಕ್ಕೆ ಆ ಕಡೆ ಬರುವ ಸಂಭವವಿಲ್ಲ ಎಂಬುದು ಅದರ ಸಾರಾಂಶ. ಟಪಾಲಿನ ಚೀಲ ಬ್ರಿಟಿಷರ ಕೈಗೆ ಸಿಕ್ಕಿತು. ನ್ಯೂಯಾರ್ಕಿನಲ್ಲಿದ್ದ ಬ್ರಿಟಿಷ್ ಸೇನಾಪತಿ ಕ್ಲಿಂಟನ್ ಅವರ ಕಾಗದಪತ್ರಗಳ ನಡುವೆ ಆ ಪತ್ರ ಉಳಿದುಕೊಂಡಿತು. ವಾಷಿಂಗ್ಟನ್ ನ್ಯೂಯಾರ್ಕ್ ಬಿಟ್ಟು ಕದಲುವುದಿಲ್ಲ ಎಂಬ ಕ್ಲಿಂಟನ್ ನಂಬಿಕೆಗೆ ಇದೂ ಒಂದಿಷ್ಟು ಬಲ ಕೊಟ್ಟಿರಬೇಕು ಎಂದು ಕೆಲವರು ಹೇಳುತ್ತಾರೆ. ಹಲ್ಲಿನ ಪತ್ರವೇ ಯುದ್ಧ ಗೆಲ್ಲಿಸಿತು ಎನ್ನುವುದು ಅತಿಶಯೋಕ್ತಿ. ಆ ದಿನಗಳಲ್ಲಿ ಸಿಕ್ಕಿಬಿದ್ದ ಬೇರೆ ಪತ್ರಗಳಲ್ಲೂ ನ್ಯೂಯಾರ್ಕ್ ಮೇಲಿನ ದಾಳಿಯ ಮಾತಿತ್ತು. ಏನೇ ಇರಲಿ, ಆಗಸ್ಟ್‌ನಲ್ಲಿ ವಾಷಿಂಗ್ಟನ್ ಫ್ರೆಂಚರೊಂದಿಗೆ ದಕ್ಷಿಣಕ್ಕೆ ಹೊರಟರು, ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನೆ ಶರಣಾಯಿತು.

ಶರಣಾದ ಸೇನಾಪತಿಯ ಹೆಸರು ಕೇಳಿದರೆ ನಮ್ಮ ರಾಜ್ಯದವರು ಬೆಚ್ಚಬೇಕು: ಲಾರ್ಡ್ ಕಾರ್ನ್‌ವಾಲಿಸ್. ಅಲ್ಲಿ ಸೋತವರು 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪು ಸುಲ್ತಾನರ ಅರ್ಧ ರಾಜ್ಯವನ್ನೂ ಇಬ್ಬರು ಚಿಕ್ಕ ಮಕ್ಕಳನ್ನು ಒತ್ತೆಯಾಳುಗಳಾಗಿಯೂ ತೆಗೆದುಕೊಂಡರು. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. 1782ರಲ್ಲಿ ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಹೋರಾಡಲು ಸಜ್ಜುಗೊಳಿಸಿದ ಒಂದು ಹಡಗಿನ ಹೆಸರು ಹೈದರ್ ಅಲಿ! ಡೆಲವೇರ್ ಕೊಲ್ಲಿಯಲ್ಲಿ ಅದು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಹೈದರಾಲಿಯವರ ಹೆಸರು ಅಷ್ಟು ದೂರ ಮುಟ್ಟಿತ್ತು. ಸರಿ, ಮತ್ತೆ ಹಲ್ಲಿಗೆ ಬರೋಣ.

ಯುದ್ಧ ಮುಗಿಯುವ ಹೊತ್ತಿಗೆ ವಾಷಿಂಗ್ಟನ್ ಅವರ ಬಾಯಲ್ಲಿ ಉಳಿದದ್ದು ಕೆಲವೇ ಹಲ್ಲು. ಅವನ್ನು ತಂತಿಗಳಿಂದ ಬಿಗಿದು, ಮಧ್ಯೆ ಕೃತಕ ಹಲ್ಲು ಕೂರಿಸಿಕೊಂಡಿದ್ದರು. 1782ರಲ್ಲಿ ಮನೆಯನ್ನು ನೋಡಿಕೊಳ್ಳುತ್ತಿದ್ದ ಸಂಬಂಧಿ ಲುಂಡ್ ವಾಷಿಂಗ್ಟನ್‌ಗೆ ಪತ್ರ ಬರೆದು, ನನ್ನ ಮೇಜಿನ ಖಾನೆಯಲ್ಲಿ ಎರಡು ಮುಂದಿನ ಹಲ್ಲುಗಳಿವೆ, ಜೋಪಾನವಾಗಿ ಸುತ್ತಿ ಕಳಿಸಿಕೊಡು ಎಂದು ಕೇಳಿಕೊಂಡರು. ಈ ವಿಷಯಗಳೆಲ್ಲ ಗುಟ್ಟಾಗಿಯೇ ನಡೆಯಬೇಕಿತ್ತು. ಹೊಸ ದೇಶದ ಸೇನಾಧಿಪತಿ ಹಲ್ಲಿಲ್ಲದ ಮುದುಕನಂತೆ ಕಾಣಿಸಬಾರದಲ್ಲ.

ಇದೇ ದಿನಗಳಲ್ಲಿ ಅವರಿಗೆ ಲ ಮೇಯರ್ ಎಂಬ ಫ್ರೆಂಚ್ ದಂತವೈದ್ಯರ ಪರಿಚಯವಾಯಿತು. ಒಬ್ಬರ ಹಲ್ಲನ್ನು ಕಿತ್ತು ಇನ್ನೊಬ್ಬರ ದವಡೆಯಲ್ಲಿ ನೆಡುವುದು ಈ ವೈದ್ಯರ ವಿಶೇಷತೆ. ಅದಕ್ಕೆ ಹಲ್ಲು ಬೇಕಲ್ಲ? ಮುಂದಿನ ಹಲ್ಲು ಮಾರುವವರಿಗೆ ಒಂದಕ್ಕೆ ಎರಡು ಗಿನಿ, ಅಂದರೆ 42 ಶಿಲ್ಲಿಂಗ್ ಕೊಡುತ್ತೇನೆ ಎಂದು ಅವರು ಪತ್ರಿಕೆಗಳಲ್ಲಿ ಜಾಹೀರಾತು ಹಾಕುತ್ತಿದ್ದರು. ಬಡವರು ಹೋಗಿ ಗಟ್ಟಿ ಹಲ್ಲು ಕೀಳಿಸಿಕೊಂಡು ಬರುತ್ತಿದ್ದರು. 1784ರ ಮೇ ತಿಂಗಳಲ್ಲಿ ಲುಂಡ್ ಬರೆದ ಮೌಂಟ್ ವರ್ನನ್‌ನ ಲೆಕ್ಕದ ಪುಸ್ತಕದಲ್ಲಿ ಒಂದು ನಮೂದಿದೆ: ಈ ವೈದ್ಯರ ಬಾಬ್ತು ಒಂಬತ್ತು ಹಲ್ಲುಗಳಿಗಾಗಿ ಕರಿಯ ಗುಲಾಮರಿಗೆ 6 ಪೌಂಡ್ 2 ಶಿಲ್ಲಿಂಗ್ ಸಂದಾಯ.

ಈ ಒಂದು ಸಾಲಿನ ಮುಂದೆ ನಾನು ಬಹಳ ಹೊತ್ತು ನಿಂತೆ. ಲೆಕ್ಕ ಹಾಕಿ ನೋಡಿ. 6 ಪೌಂಡ್ 2 ಶಿಲ್ಲಿಂಗ್ ಎಂದರೆ 122 ಶಿಲ್ಲಿಂಗ್. ಜಾಹೀರಾತಿನ ದರದಲ್ಲಾದರೆ ಒಂಬತ್ತು ಹಲ್ಲಿಗೆ 378 ಶಿಲ್ಲಿಂಗ್ ಆಗಬೇಕಿತ್ತು. ಅಂದರೆ ಅವರಿಗೆ ಸಿಕ್ಕಿದ್ದು ಮೂರನೇ ಒಂದು ಪಾಲಿಗಿಂತ ಕಡಿಮೆ. ಹಣ ಕೊಟ್ಟರಲ್ಲ, ಬಲವಂತವೇನಲ್ಲ ಎಂದು ಯಾರಾದರೂ ವಾದಿಸಬಹುದು. ನಾನು ಒಪ್ಪುವುದಿಲ್ಲ. ತನ್ನ ದೇಹವೇ ಯಜಮಾನನ ಆಸ್ತಿಯಾಗಿರುವ ಮನುಷ್ಯ ಯಜಮಾನನ ಮನೆಯಲ್ಲಿ ಹಲ್ಲು ಕೇಳಿದಾಗ ಇಲ್ಲ ಎನ್ನುವುದು ಹೇಗೆ? ಆ ಪುಸ್ತಕದಲ್ಲಿ ಅವರ ಹೆಸರುಗಳಿಲ್ಲ. ಕಿತ್ತ ಮೇಲೆ ಅವರ ಒಸಡಿಗೆ ಔಷಧಿ ಕೊಟ್ಟ ಲೆಕ್ಕ ಆ ನಮೂದಿನಲ್ಲಿಲ್ಲ. ಮನೆಯ ಯಜಮಾನರ ಒಂದು ಹಲ್ಲುನೋವಿಗೆ ಪತ್ರ, ಡೈರಿ, ರಸೀದಿ ಎಲ್ಲ ಉಳಿದಿವೆ. ಹೊಲದಲ್ಲಿ ದುಡಿದವರ ನೋವಿಗೆ ಇರುವುದು ಈ ಒಂದು ಸಾಲು.

1789ರ ಏಪ್ರಿಲ್ 30ರಂದು ನ್ಯೂಯಾರ್ಕಿನಲ್ಲಿ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ವಯಸ್ಸು 57. ಬಾಯಲ್ಲಿದ್ದ ಸ್ವಂತ ಹಲ್ಲು ಒಂದೇ ಒಂದು, ಕೆಳದವಡೆಯ ಎಡಭಾಗದ್ದು. ಆಗ ಅವರ ದಂತವೈದ್ಯರಾಗಿದ್ದವರು ಜಾನ್ ಗ್ರೀನ್‌ವುಡ್. ಹುಡುಗನಾಗಿದ್ದಾಗ ಇದೇ ವಾಷಿಂಗ್ಟನ್ ಅವರ ಸೈನ್ಯದಲ್ಲಿ ಕೊಳಲು ಊದುತ್ತಿದ್ದವರು. ಗ್ರೀನ್‌ವುಡ್ ಮಾಡಿಕೊಟ್ಟ ಸೆಟ್ಟಿನಲ್ಲಿ ನೀರಾನೆಯ, ಅಂದರೆ ಹಿಪ್ಪೊಪೊಟಮಸ್ ದಂತವನ್ನು ಒಸಡಿನ ಆಕಾರಕ್ಕೆ ಕೆತ್ತಿ, ಅದಕ್ಕೆ ಮನುಷ್ಯರ ಹಲ್ಲುಗಳನ್ನು ಜೋಡಿಸಿತ್ತು. ಉಳಿದ ಒಂದು ಹಲ್ಲು ಹೊರಗೆ ಬರಲು ಒಂದು ತೂತು. ಮೇಲಿನ ಮತ್ತು ಕೆಳಗಿನ ಭಾಗಗಳನ್ನು ಹಿಡಿದಿಡಲು ಸ್ಪ್ರಿಂಗ್. ಮೌಂಟ್ ವರ್ನನ್‌ನಲ್ಲಿ ಇವತ್ತಿಗೂ ಇಟ್ಟಿರುವ ಇನ್ನೊಂದು ಸೆಟ್ಟಿನ ತಳ ಸೀಸದ್ದು. ಅದರಲ್ಲಿ ಮನುಷ್ಯರ ಹಲ್ಲಿನ ಜೊತೆ ಹಸು ಮತ್ತು ಕುದುರೆಯ ಹಲ್ಲುಗಳೂ ಇವೆ.

ಸ್ಪ್ರಿಂಗ್ ಇರುವ ಸೆಟ್ಟು ಎಂದರೆ ಏನೆಂದು ಯೋಚಿಸಿ. ನಮ್ಮ ಬಾಯಿ ಸುಮ್ಮನಿದ್ದರೆ ತಾನಾಗಿ ಮುಚ್ಚಿರುತ್ತದೆ. ಅವರದು ಹಾಗಲ್ಲ; ಸ್ಪ್ರಿಂಗು ಬಾಯನ್ನು ಸದಾ ತೆರೆಯಲು ತಳ್ಳುತ್ತಿರುತ್ತದೆ, ಅವರು ದವಡೆ ಬಿಗಿದು ಮುಚ್ಚಿಕೊಂಡೇ ಇರಬೇಕು. ಸ್ವಲ್ಪ ಸಡಿಲಿಸಿದರೆ ಸೆಟ್ಟು ಹೊರಗೆ ಬರುವ ಭಯ. ಜೋರಾಗಿ ನಗುವಂತಿಲ್ಲ. ಗಟ್ಟಿಯಾದದ್ದನ್ನು ಕಚ್ಚುವಂತಿಲ್ಲ. ಬೆಳಗಿನ ತಿಂಡಿಗೆ ಅವರು ತಿನ್ನುತ್ತಿದ್ದದ್ದು ಜೋಳದ ಹಿಟ್ಟಿನ ಮೆತ್ತನೆಯ ದೋಸೆಯಂಥ ಪದಾರ್ಥ, ಬೆಣ್ಣೆ ಮತ್ತು ಜೇನುತುಪ್ಪದಲ್ಲಿ ಮುಳುಗಿಸಿ. 1790ರ ಜನವರಿಯ ಡೈರಿಯಲ್ಲಿ, ಹಲ್ಲುನೋವು ಮತ್ತು ಒಸಡಿನ ಊತದಿಂದ ಮನೆಯಲ್ಲೇ ಉಳಿದದ್ದನ್ನು ಬರೆದುಕೊಂಡಿದ್ದಾರೆ. ಹೊಸ ಸರ್ಕಾರದ ಮೊದಲ ವರ್ಷ, ಮಾಡಬೇಕಾದ ಕೆಲಸ ಬೆಟ್ಟದಷ್ಟು, ಆದರೆ ದೇಶದ ಅಧ್ಯಕ್ಷರು ಕೆನ್ನೆ ಹಿಡಿದುಕೊಂಡು ಕೂತಿದ್ದಾರೆ.

ವಾಷಿಂಗ್ಟನ್ ಬಹಳ ಗಂಭೀರ, ಮಿತಭಾಷಿ, ಯಾರಿಗೂ ಸಲಿಗೆ ಕೊಡದವರು ಎಂದು ಚರಿತ್ರೆಕಾರರು ಬರೆಯುತ್ತಾರೆ. ಸ್ವಭಾವವೂ ಹಾಗೇ ಇದ್ದಿರಬಹುದು. ಆದರೆ 1793ರಲ್ಲಿ ಎರಡನೇ ಸಲ ಅಧ್ಯಕ್ಷರಾದಾಗ ಅವರು ಮಾಡಿದ ಭಾಷಣ ಕೇವಲ 135 ಪದಗಳದ್ದು. ಇಂದಿನವರೆಗೆ ಯಾವ ಅಮೆರಿಕನ್ ಅಧ್ಯಕ್ಷರೂ ಅಷ್ಟು ಚಿಕ್ಕ ಪ್ರಮಾಣವಚನ ಭಾಷಣ ಮಾಡಿಲ್ಲ. 1796ರಲ್ಲಿ ದೇಶಕ್ಕೆ ಹೇಳಿದ ವಿದಾಯವನ್ನು ಭಾಷಣವಾಗಿ ಮಾಡಲೇ ಇಲ್ಲ, ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಇದಕ್ಕೆಲ್ಲ ಹಲ್ಲೇ ಕಾರಣ ಎಂದು ನಾನು ಹೇಳಲಾರೆ. ಆದರೆ ಮಾತನಾಡಿದರೆ ಸೆಟ್ಟು ಜಾರೀತು ಎಂಬ ಹೆದರಿಕೆ ಇರುವವರು ಮಾತು ಕಡಿಮೆ ಮಾಡುತ್ತಾರೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ.

ನಮ್ಮ ನಾನಿಗೆ ಐವತ್ತು ದಾಟುವ ಮೊದಲೇ ಹಲ್ಲುಗಳು ಹೋಗಿದ್ದವು. ನೋವು ಬಂದಾಗ ರೂಟ್ ಕೆನಾಲ್ ಮಾಡಿಸಿ ಹಲ್ಲು ಉಳಿಸುವುದಕ್ಕೆ ಸಾವಿರಗಟ್ಟಲೆ ಖರ್ಚು, ಕೀಳಿಸುವುದಕ್ಕೆ ಕೆಲವು ನೂರು. ಬೀಡಿ ಕಟ್ಟಿ ಸಂಸಾರ ನಡೆಸಿದವರು ಯಾವುದನ್ನು ಆರಿಸಿಕೊಂಡಾರು? ಒಂದೊಂದಾಗಿ ಕೀಳಿಸಿಕೊಂಡರು. ಮದುವೆ ಮನೆಗಳಲ್ಲಿ ಬಿರಿಯಾನಿಯ ಅನ್ನವನ್ನಷ್ಟೇ ಹಿಸುಕಿ ತಿಂದು, ಮಾಂಸದ ತುಂಡನ್ನು ಪಕ್ಕದಲ್ಲಿ ಕೂತ ನನ್ನ ತಟ್ಟೆಗೆ ಹಾಕುತ್ತಿದ್ದರು. ನನಗೆ ಅದು ಪ್ರೀತಿ ಎಂದೇ ಅನಿಸುತ್ತಿತ್ತು. ಪ್ರೀತಿಯೂ ಇತ್ತು ಅನ್ನಿ. ನಗುವಾಗ ಸೆರಗಿನ ಅಂಚು ಬಾಯಿಗೆ ಬರುತ್ತಿತ್ತು. ಫೋಟೋ ತೆಗೆಯುವಾಗ ತುಟಿ ಬಿಗಿಯುತ್ತಿದ್ದರು. ಮುಂದೆ ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಅವರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಸಿಕ್ಕಿತು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಇರುವ ಯೋಜನೆ ಅದು; ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಆಸ್ಪತ್ರೆಯಲ್ಲಿ ವಿಚಾರಿಸಿ. ಮೊದಲ ತಿಂಗಳು ನಾನಿ ಸೆಟ್ಟನ್ನು ಬಾಯಲ್ಲಿಡುವುದಕ್ಕಿಂತ ಡಬ್ಬಿಯಲ್ಲಿಟ್ಟದ್ದೇ ಹೆಚ್ಚು. ಆಮೇಲೆ ಒಂದು ದಿನ ಚಕ್ಕುಲಿ ಕಡಿದರು. ಇಡೀ ಮನೆಗೆ ಆ ಶಬ್ದ ಕೇಳಿಸುವಂತೆ ಕಡಿದರು.

ವಾಷಿಂಗ್ಟನ್ ಅವರಿಗೆ ವರ್ಷಕ್ಕೆ 25,000 ಡಾಲರ್ ಸಂಬಳ, ದೇಶದ ಅತ್ಯುತ್ತಮ ದಂತವೈದ್ಯರು ಕರೆದಲ್ಲಿಗೆ ಬರುತ್ತಿದ್ದರು. ಆದರೂ ನಾನಿಯ ಅಕ್ರಿಲಿಕ್ ಸೆಟ್ಟಿನಷ್ಟು ಹಗುರವಾದ, ಬಾಯಿಗೆ ಸರಿಹೊಂದುವ ಸೆಟ್ಟು ಅವರಿಗೆ ಸಿಗಲಿಲ್ಲ, ಏಕೆಂದರೆ ಅದು ಹುಟ್ಟಿರಲಿಲ್ಲ. ಈಗ ಎಲ್ಲವೂ ಹುಟ್ಟಿದೆ. ಅರಿವಳಿಕೆ ಇದೆ, ಫ್ಲೋರೈಡ್ ಪೇಸ್ಟ್ ಇದೆ, ರೂಟ್ ಕೆನಾಲ್ ಇದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಪ್ರಪಂಚದಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆಗಳಿವೆ. ಒಸಡಿನ ಕಾಯಿಲೆ ಸಕ್ಕರೆ ಕಾಯಿಲೆಯನ್ನು ಹೆಚ್ಚಿಸುತ್ತದೆ, ಸಕ್ಕರೆ ಕಾಯಿಲೆ ಒಸಡನ್ನು ಕೆಡಿಸುತ್ತದೆ, ಎರಡೂ ಕೈಕೈ ಹಿಡಿದು ನಡೆಯುತ್ತವೆ. ಹೀಗಿದ್ದರೂ ಹಲ್ಲು ಎಂದರೆ ನಮ್ಮ ಮನೆಗಳಲ್ಲಿ ಖರ್ಚಿನ ಪಟ್ಟಿಯ ಕೊನೆಯ ಬಾಬ್ತು. ಲವಂಗ ಇಟ್ಟುಕೋ, ಮಾತ್ರೆ ನುಂಗು, ಪರೀಕ್ಷೆ ಮುಗಿಯಲಿ ನೋಡೋಣ. ನಮ್ಮ ತರಗತಿಯಲ್ಲೇ ಕಳೆದ ಪ್ರಿಪರೇಟರಿ ಪರೀಕ್ಷೆಯನ್ನು ಕೆನ್ನೆಗೆ ಕರ್ಚೀಫ್ ಒತ್ತಿಕೊಂಡು ಬರೆದವರಿದ್ದರು.

1796ರಲ್ಲಿ ಆ ಕೊನೆಯ ಹಲ್ಲೂ ಹೋಯಿತು. ಅದನ್ನು ಗ್ರೀನ್‌ವುಡ್ ಅವರಿಗೇ ಕೊಟ್ಟರು. ಅವರು ಅದನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ತಮ್ಮ ಗಡಿಯಾರದ ಸರಪಳಿಗೆ ತೂಗಿಕೊಂಡರು. ಅದೇ ವರ್ಷ ಗಿಲ್ಬರ್ಟ್ ಸ್ಟುವರ್ಟ್ ಎಂಬ ಕಲಾವಿದರು ವಾಷಿಂಗ್ಟನ್ ಅವರ ಚಿತ್ರ ಬರೆದರು. ಅಮೆರಿಕದ ಒಂದು ಡಾಲರ್ ನೋಟಿನ ಮೇಲಿರುವ ಮುಖ ಆ ಚಿತ್ರದ್ದೇ. ಗಲ್ಫ್‌ನಿಂದಲೋ ಬೇರೆಲ್ಲಿಂದಲೋ ಬಂದ ಯಾರ ಬಳಿಯಾದರೂ ಡಾಲರ್ ನೋಟು ಸಿಕ್ಕಿದರೆ ಬಾಯಿಯ ಸುತ್ತ ನೋಡಿ. ತುಟಿಗಳು ಬಿಗಿದಿವೆ, ಬಾಯಿಯ ಕೆಳಭಾಗ ಉಬ್ಬಿದೆ. 1797ರ ಜನವರಿಯಲ್ಲಿ ಅವರು ಗ್ರೀನ್‌ವುಡ್‌ಗೆ ಬರೆದ ಪತ್ರದಲ್ಲಿ ಇದೇ ದೂರು ಇದೆ: ಸೆಟ್ಟು ಅಗಲವಾಗಿ ಮುಂದೆ ಚಾಚಿಕೊಂಡಿದೆ, ತುಟಿಗಳು ಊದಿಕೊಂಡಂತೆ ಕಾಣುತ್ತವೆ, ಸರಿಪಡಿಸಿಕೊಡಿ ಎಂದು. 1798ರಲ್ಲಿ ರಿಪೇರಿಗೆ ಬಂದ ಸೆಟ್ಟು ಕಪ್ಪಾಗಿರುವುದನ್ನು ನೋಡಿ ಗ್ರೀನ್‌ವುಡ್, ಇದು ದ್ರಾಕ್ಷಿ ಮದ್ಯದ ಕರೆ, ಊಟವಾದ ಮೇಲೆ ತೆಗೆದು ಶುದ್ಧ ನೀರಿನಲ್ಲಿಡಿ, ಸೀಮೆಸುಣ್ಣದ ಪುಡಿಯಿಂದ ಉಜ್ಜಿ ಎಂದು ತಿಳಿಸಿದರು. ಹೀಗೆ ಕಪ್ಪುಕಂದು ಬಣ್ಣಕ್ಕೆ ತಿರುಗಿ, ಸಣ್ಣ ಬಿರುಕುಗಳು ಮೂಡಿದ ದಂತ ನೋಡುವವರ ಕಣ್ಣಿಗೆ ಮರದಂತೆ ಕಂಡಿತು. ಮರದ ಹಲ್ಲಿನ ಕಥೆ ಹುಟ್ಟಿದ್ದು ಬಹುಶಃ ಹೀಗೆ. ನಿಜವಾಗಿ ಮರದ್ದಾಗಿದ್ದರೆ ಎಂಜಲಿನಲ್ಲಿ ನೆನೆದು ಬೇಗ ಹಾಳಾಗುತ್ತಿತ್ತು.

1797ರ ಮಾರ್ಚ್‌ನಲ್ಲಿ ಅಧಿಕಾರ ಬಿಟ್ಟು ಮೌಂಟ್ ವರ್ನನ್‌ಗೆ ಮರಳಿದರು. ಬೇಕಿದ್ದರೆ ಇನ್ನೂ ಇರಬಹುದಿತ್ತು, ಕೇಳುವವರಿರಲಿಲ್ಲ, ತಾವಾಗಿಯೇ ಬಿಟ್ಟರು. ಅವರ ದೊಡ್ಡತನಗಳಲ್ಲಿ ನನಗೆ ಇದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1799ರ ಡಿಸೆಂಬರ್ 12ರಂದು ಹಿಮ, ಮಳೆಯಲ್ಲಿ ಕುದುರೆ ಮೇಲೆ ಹೊಲಗಳನ್ನು ಸುತ್ತಿ ಬಂದರು. ಮಾರನೇ ದಿನ ಗಂಟಲು ಕಟ್ಟಿತು, ಅದರ ಮಾರನೇ ದಿನ ಉಸಿರಾಡುವುದೇ ಕಷ್ಟವಾಯಿತು. ಮೂವರು ವೈದ್ಯರು ಬಂದರು. ಆಗಿನ ಪದ್ಧತಿಯಂತೆ ರಕ್ತ ತೆಗೆದರು, ಒಂದೇ ದಿನದಲ್ಲಿ ಸುಮಾರು 2.3 ಲೀಟರ್. ಮೂವರಲ್ಲಿ ಕಿರಿಯರಾದ ಡಾ. ಡಿಕ್, ಗಂಟಲಿನ ಕೆಳಗೆ ಶ್ವಾಸನಾಳಕ್ಕೆ ರಂಧ್ರ ಮಾಡಿ ಉಸಿರು ಆಡಿಸೋಣ ಎಂದರು. ಹಿರಿಯರಿಬ್ಬರು ಒಪ್ಪಲಿಲ್ಲ. ಡಿಸೆಂಬರ್ 14ರ ರಾತ್ರಿ ವಾಷಿಂಗ್ಟನ್ ತೀರಿಕೊಂಡರು, 67ನೇ ವಯಸ್ಸಿನಲ್ಲಿ. ಅದೇ ವರ್ಷದ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಟಿಪ್ಪು ಸುಲ್ತಾನರು ಹೋರಾಡುತ್ತಾ ಪ್ರಾಣ ಬಿಟ್ಟಿದ್ದರು.

ಆಗ ಮೌಂಟ್ ವರ್ನನ್‌ನಲ್ಲಿದ್ದ ಗುಲಾಮರು 317 ಮಂದಿ. ಅವರಲ್ಲಿ ವಾಷಿಂಗ್ಟನ್ ಅವರ ಸ್ವಂತದವರು 123. ಅವರನ್ನು ಮಾರ್ಥಾ ಅವರ ಕಾಲಾನಂತರ ಬಿಡುಗಡೆ ಮಾಡಬೇಕೆಂದು ಉಯಿಲಿನಲ್ಲಿ ಬರೆದಿದ್ದರು. ಮಾರ್ಥಾ ಅಲ್ಲಿಯವರೆಗೆ ಕಾಯದೆ 1801ರ ಜನವರಿ 1ರಂದೇ ಬಿಡುಗಡೆ ಮಾಡಿದರು. ಉಳಿದವರಲ್ಲಿ ಹೆಚ್ಚಿನವರು ಮಾರ್ಥಾ ಅವರ ಮೊದಲ ಗಂಡನ ಆಸ್ತಿಗೆ ಸೇರಿದವರಾದ್ದರಿಂದ ಗುಲಾಮರಾಗಿಯೇ ಮೊಮ್ಮಕ್ಕಳ ಪಾಲಿಗೆ ಹೋದರು. 1784ರಲ್ಲಿ ಹಲ್ಲು ಕೊಟ್ಟವರು ಈ ಎರಡು ಪಟ್ಟಿಗಳಲ್ಲಿ ಯಾವುದರಲ್ಲಿದ್ದರೋ, ಲೆಕ್ಕದ ಪುಸ್ತಕದಲ್ಲಿ ಹೆಸರಿಲ್ಲದ ಕಾರಣ ಹುಡುಕಲು ದಾರಿಯಿಲ್ಲ. ಸೀಸದ ತಳದ ಆ ಸೆಟ್ಟು ಮಾತ್ರ ಮೌಂಟ್ ವರ್ನನ್‌ನ ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ, ಅದನ್ನು ನೋಡಲೆಂದೇ ಜನ ಬರುತ್ತಾರೆ.